ಸ್ಪಷ್ಟನೆ: ಇಂಗಾಲದ ನ್ಯಾನೋಕೊಳವೆ ಗ್ರಾಂ ಲೆಕ್ಕದ ವಸ್ತುವಲ್ಲ

‘ಇಂಗಾಲದ ನ್ಯಾನೋಕೊಳವೆಗಳನ್ನು ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಷ್ಟೇ ತಯಾರಿಸಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇಂಗಾಲದ ಪರಮಾಣುಗಳ ಹಾಳೆ ಸುರುಳಿಯಾದಂತಿರುವ, ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕೊಳವೆಗಳಿವು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ವರದಿ ಮಾಡಿದ ಕೊಳವೆಗಳು ವಿದ್ಯುತ್ ಚಾಪದಲ್ಲಿ, ಅಂದರೆ ಇಂಗಾಲದ ಕಡ್ಡಿಗಳ ನಡುವೆ ಹೊತ್ತಿಸಿದ ವಿದ್ಯುತ್ ಜ್ವಾಲೆಯಲ್ಲಿ, ಹುಟ್ಟಿದ್ದವು. ಆ ವಿಧಾನಕ್ಕೆ ಮಾತ್ರ ಈ ಮಾತು ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ.

ಇಂದು ಹಲವು ಪದರಗಳ ಕೊಳವೆಗಳು ಟನ್‌ಗಟ್ಟಲೆ ತಯಾರಾಗಿ ಲಿಥಿಯಂ ಅಯಾನ್ ಬ್ಯಾಟರಿಗಳಿಗೆ ಸೇರುತ್ತಿವೆ. ಇದರ ಹಿಂದಿರುವ ಮುಖ್ಯ ಸಾಧನ ಫ್ಲೂಯಿಡೈಸ್ಡ್ ಬೆಡ್ ರಿಯಾಕ್ಟರ್, ಅಂದರೆ ಪುಡಿಯನ್ನು ಅನಿಲದ ಹರಿವಿನಲ್ಲಿ ತೇಲಿಸಿಡುವ ಪಾತ್ರೆ. ಕಬ್ಬಿಣ ಅಥವಾ ಕೋಬಾಲ್ಟ್‌ನ ನ್ಯಾನೋಕಣಗಳನ್ನು ಹೊತ್ತ ವೇಗವರ್ಧಕದ ಪುಡಿಯನ್ನು ಕೆಳಗಿನಿಂದ ನುಗ್ಗುವ ಬಿಸಿ ಅನಿಲ ಕುದಿಯುವ ನೀರಿನಂತೆ ಕಲಕುತ್ತಿರುತ್ತದೆ. ಎಥಿಲೀನ್‌ನಂತಹ ಅನಿಲ ಒಡೆದು ಇಂಗಾಲವು ಕಣಗಳ ಮೇಲೆ ಕೊಳವೆಯಾಗಿ ಬೆಳೆಯುತ್ತದೆ. ಬೀಜಿಂಗ್‌ನ ಸಿಂಗ್ಹುವಾ ವಿಶ್ವವಿದ್ಯಾಲಯದ ಫೀ ವೈ ಅವರ ತಂಡ ಈ ದಾರಿಯಲ್ಲಿ ಮಹತ್ವದ ಕೆಲಸ ಮಾಡಿದೆ.

‘ದೊಡ್ಡ ಪಾತ್ರೆ ಕಟ್ಟಿದರಾಯಿತು’ ಎಂಬ ಮಾರುತ್ತರವೂ ಸರಿಯಲ್ಲ. ಕೊಳವೆ ಬೆಳೆದಂತೆ ಪುಡಿ ಹಲವು ಪಟ್ಟು ಉಬ್ಬುತ್ತದೆ, ಹೆಣೆದುಕೊಂಡು ಗಂಟಾಗುತ್ತದೆ. ಎಥಿಲೀನ್ ಒಡೆಯುವಾಗ ಶಾಖ ಹೊರಬರುತ್ತದೆ, ಮೀಥೇನ್ ಒಡೆಯಲು ಶಾಖ ಕೊಡಬೇಕು. ಪಾತ್ರೆ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಕಡಿಮೆ. ಆ ಶಾಖವನ್ನು ಗೋಡೆಯ ಮೂಲಕ ಸಾಗಿಸುವುದೇ ಕಷ್ಟ. ವಿನ್ಯಾಸಕಾರರ ಶ್ರಮ ಬಹುಪಾಲು ಸವೆಯುವುದು ಇಲ್ಲಿಯೇ, ಅದನ್ನು ಯಾರೂ ಹಗುರವಾಗಿ ಕಾಣಬಾರದು.

ಒಂದೇ ಪದರದ ಕೊಳವೆಗಳು ಈಗಲೂ ಹೆಚ್ಚು ದುಬಾರಿ. ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಈ ಗೊಂದಲ ಹುಟ್ಟಿರಬಹುದು.