ಪ್ರಳಯ ಆಯ್ತು ಸರಿ, ಟೋಲ್ ಗೇಟ್ ಎಲ್ಲಿ?

ವಿಡಿಯೋ ಗೇಮ್‌ಗಳನ್ನು ಹಿಡಿದು ಟಿವಿ ಸೀರೀಸ್ ಮಾಡುವ ಕಾಲ ಇದು. ಅದರಲ್ಲೂ ಲೋಕ ಹಾಳಾದ ಮೇಲಿನ ಕಥೆಗೆ ಜಾಸ್ತಿ ಗಿರಾಕಿ. 2013ರ 'ದಿ ಲಾಸ್ಟ್ ಆಫ್ ಅಸ್' ಗೇಮು 2023ರಲ್ಲಿ ಎಚ್‌ಬಿಒ ಸೀರೀಸ್ ಆಯಿತು. ಮರುವರ್ಷ 'ಫಾಲ್‌ಔಟ್' ಬಂತು. ನೀರಿನಂತೆ ಡಾಲರ್ ಸುರಿದು ಪಾಳು ರಸ್ತೆ, ಮುರುಕು ಕಟ್ಟಡ ಎಬ್ಬಿಸಿದರು. ಲೋಕವೆಲ್ಲ ಬಾಯಿ ಬಿಟ್ಟು ನೋಡಿತು. ಕಾರವಾರದ ನಮಗೆ ಮಾತ್ರ ಅಲ್ಲಲ್ಲಿ ಲೆಕ್ಕ ತಪ್ಪಿದ ಹಾಗೆ ಕಂಡಿತು.

ಮೊದಲನೆಯದರಲ್ಲಿ ಕಾರ್ಡಿಸೆಪ್ಸ್ ಅನ್ನುವ ಶಿಲೀಂಧ್ರ ಮನುಷ್ಯರ ತಲೆಗೆ ಹತ್ತಿ ನಾಗರಿಕತೆ ಮುಗಿದುಹೋಗುತ್ತದೆ. ಶಿರಸಿಯ ನಮ್ಮ ಭಾವ ಅಡಿಕೆ ತೋಟದವರು. ಕೊಳೆ ರೋಗ ನೋಡಿ ನೋಡಿ ಗಟ್ಟಿಯಾದ ಜೀವ. ಅರ್ಧ ಕಂತು ನೋಡಿ, ಕವಳ ಒಂದು ಕಡೆ ಒತ್ತಿಕೊಂಡು ಅಂದರು: "ಎಂತಾ ಮಾರಾಯಾ, ಮಳೆ ಹಿಡಿಯ ಮೊದ್ಲು ಒಂದ್ ಸಲ ಮದ್ದು ಹೊಡೆದಿದ್ರೆ ಇಷ್ಟೆಲ್ಲ ಆಗ್ತಿತ್ತಿಲ್ಲೆ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವರೇ, "ಕೊನೆಗೌಡ ಸಿಕ್ಕಿದ್ನಿಲ್ಲೆ ಕಾಣ್ತು" ಅಂದರು. (ಕೊನೆಗೌಡ ಅಂದರೆ ಮರ ಹತ್ತಿ ಮದ್ದು ಹೊಡೆಯುವವ.) ಗೇಮಿನಲ್ಲಿ ಬೀಜಕಣ ಗಾಳಿಯಲ್ಲಿ ಹಾರುತ್ತಿತ್ತು, ಎಲ್ಲರೂ ಗ್ಯಾಸ್ ಮಾಸ್ಕ್ ಹಾಕುತ್ತಿದ್ದರು. ಸೀರೀಸಿನ ಮೊದಲ ಸೀಸನ್ನಿನಲ್ಲಿ ಅದನ್ನು ಬಿಟ್ಟರು. ಲಕ್ಷಗಟ್ಟಲೆ ಕೊಟ್ಟು ಕರೆಸಿದ ನಟರ ಮುಖ ಮುಚ್ಚೋದು ಕಷ್ಟ ಅಲ್ವಾ? ಮಳೆ ತಾಗದಂತೆ ಅಡಿಕೆ ಕೊನೆಗೇ ಕೊಟ್ಟೆ (ಹೊದಿಕೆ) ಕಟ್ಟುವ ಭಾವನಿಗೆ ಈ ಅಸಡ್ಡೆ ಸಹಿಸಲಾಗಲಿಲ್ಲ.

ಅದಿರಲಿ, ಕಥೆ ಏನು? ಜೋಯೆಲ್ ಅನ್ನುವವನು 'ಎಲ್ಲೀ' ಎಂಬ ಹುಡುಗಿಯನ್ನು ಬೋಸ್ಟನ್‌ನಿಂದ ಹೊರಡಿಸಿ, ದೇಶವನ್ನೇ ದಾಟಿ, ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಗೆ ತಲುಪಿಸುತ್ತಾನೆ. ಅಷ್ಟೇ. ದೂರದ ಆಸ್ಪತ್ರೆಗೆ ಹೋಗೋದೇ ಕಥೆ! ಇದಕ್ಕೆ ಒಂಬತ್ತು ಕಂತು, ಮೇಲೆ ಪ್ರಶಸ್ತಿ ಬೇರೆ. ನಮ್ಮ ಜಿಲ್ಲೆಯಲ್ಲಿ ತಲೆಗೆ ದೊಡ್ಡ ಪೆಟ್ಟು ಬಿದ್ದರೆ ಮಣಿಪಾಲ, ಇಲ್ಲ ಹುಬ್ಬಳ್ಳಿ, ಇಲ್ಲ ಗೋವಾ. ಆಂಬುಲೆನ್ಸ್ ಡ್ರೈವರುಗಳು ಈ ಕಥೆಯನ್ನು ವಾರಕ್ಕೆಷ್ಟೋ ಸಲ ಓಡಿಸುತ್ತಾರೆ, ಹಿನ್ನೆಲೆ ಸಂಗೀತವೂ ಇಲ್ಲದೆ. 2022ರಲ್ಲಿ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡದಿದ್ದರೆ ವೋಟಿಲ್ಲ ಅಂತ ಕೂಗಿದ್ದು ನೆನಪಿರಬೇಕು.

ಇನ್ನು ಆಸ್ಪತ್ರೆ ಮುಟ್ಟಿದ ಮೇಲಿನದಂತೂ ಶುದ್ಧ ಸುಳ್ಳು. ಹೋದ ಕೂಡಲೇ ಆಪರೇಷನ್‌ಗೆ ತಯಾರಿ! ಕಾರ್ಡ್ ಕೇಳಲಿಲ್ಲ. ಅಡ್ವಾನ್ಸ್ ಕಟ್ಟಿ ಅನ್ನಲಿಲ್ಲ. ರೋಗಿಯ ಕಡೆಯವರು ಸಹಿ ಹಾಕಿ ಅಂತಲೂ ಅನ್ನಲಿಲ್ಲ, ಅದಕ್ಕೇ ಆಮೇಲೆ ಅಷ್ಟು ಗಲಾಟೆ ಆಗಿದ್ದು.

'ಫಾಲ್‌ಔಟ್'ನದು ಅಣುಯುದ್ಧ. 2077ರಲ್ಲಿ ಬಾಂಬು ಬಿದ್ದು, ಕಥೆ ನಡೆಯುವುದು 2296ರಲ್ಲಿ. (ಅಣು ಅಂದರೆ ನಮಗೆ ಕೈಗಾ. ಕರೆಂಟು ಇಲ್ಲಿ ಹುಟ್ಟಿ ಊರೂರಿಗೆ ಹೋಗುತ್ತದೆ, ಮಳೆಗಾಲದಲ್ಲಿ ನಾವು ಮೇಣದ ಬತ್ತಿ ಹುಡುಕುತ್ತೇವೆ.) ನೋಟೆಲ್ಲ ಕಸವಾಗಿ ಸೋಡಾ ಬಾಟಲಿಯ ಮುಚ್ಚಳವೇ ದುಡ್ಡಾಗಿದೆ. ಜನ ಮರುಭೂಮಿಯಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ಆದರೆ ಅಷ್ಟು ಹಾಳು ರಸ್ತೆಯಲ್ಲಿ ಒಂದು ಟೋಲ್ ಗೇಟ್ ಬೇಡವೇ? ರಸ್ತೆಯೇ ಇಲ್ಲ, ಹಾಗಾಗಿ ಟೋಲ್ ಇಲ್ಲ ಅನ್ನೋದು ಅಮೆರಿಕದ ಲೆಕ್ಕ. ನಮ್ಮ ಹೆದ್ದಾರಿ 66ರಲ್ಲಿ ಚತುಷ್ಪಥ ಮುಗಿಯುವ ಮೊದಲೇ ಹಟ್ಟಿಕೇರಿಯಲ್ಲೂ ಹೊಳೆಗದ್ದೆಯಲ್ಲೂ ವಸೂಲಿ ಶುರುವಾಗಿತ್ತು. ಲೋಕ ಮುಳುಗಿದರೂ ಫಾಸ್ಟ್ಯಾಗ್ 'ಟೀಂಕ್' ಅನ್ನುತ್ತದೆ. ಇದು ಆ ಕಥೆ ಬರೆದವರ ತಲೆಗೇ ಹೊಳೆದಿಲ್ಲ.

ಅವರ ಪ್ರಳಯದಲ್ಲಿ ಆಫೀಸೇ ಇಲ್ಲ. ಸ್ಥಳ ಪರಿಶೀಲನೆ ಇಲ್ಲ, ವರದಿ ಕೇಳುವವರಿಲ್ಲ, ಶಂಕುಸ್ಥಾಪನೆಯ ಕಲ್ಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲಿನ ಹಾಗೆ ತೊಂಬತ್ತರ ದಶಕದಿಂದ ಬರುತ್ತಲೇ ಇರುವ ಒಂದು ಯೋಜನೆಯೂ ಇಲ್ಲ. ಹೀಗೂ ಒಂದು ಹಾಳೂರು ಇರುತ್ತಾ?

'ಫಾಲ್‌ಔಟ್'ನವರು ಮರಳು ತುಂಬಿದ ಮನೆಗಳಿಗಾಗಿ ನಮೀಬಿಯಾದ ಕೋಲ್ಮನ್‌ಸ್ಕಾಪ್‌ವರೆಗೆ ಹೋದರು. ಇಲ್ಲಿಗೆ ಬರಬಹುದಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಗ್ರಾಫಿಕ್ಸ್ ಸಹಾಯವಿಲ್ಲದೆ ತಾನೇ ಬಿತ್ತು. ಲಾರಿ ಸಮೇತ ನೀರಿಗೆ ಬಿದ್ದ ಚಾಲಕನನ್ನು ಉಳಿಸಿದ್ದು ಯಾವ ಹೀರೋನೂ ಅಲ್ಲ, ನಮ್ಮ ಮೀನುಗಾರರು. ಅದಕ್ಕೆ ಮೂರು ವಾರ ಮೊದಲಿನ ಶಿರೂರು ಗುಡ್ಡ ಕುಸಿತದ ಬಗ್ಗೆ ಮಾತ್ರ ನಾನು ತಮಾಷೆ ಮಾಡಲಾರೆ.

ಸೀರೀಸಿನವರಿಗೆ ಇನ್ನೊಂದು ಅನುಕೂಲವೂ ಇದೆ. 'ಲಾಸ್ಟ್ ಆಫ್ ಅಸ್'ನ ಎರಡನೇ ಸೀಸನ್ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟು ದಿನ ಸೆಟ್ ಹಾಗೇ ಕಾಯ್ದುಕೊಳ್ಳೋದು ಸುಮ್ನೆ ಮಾತಲ್ಲ. ಇಲ್ಲಿ ಆ ಚಿಂತೆ ಬೇಡ. ಎರಡಲ್ಲ, ಐದು ವರ್ಷ ಬಿಟ್ಟು ಬಂದರೂ ಅದೇ ಗುಂಡಿ, ಅದೇ ಅರ್ಧ ಫ್ಲೈಓವರ್, ಅದೇ 'ಕಾಮಗಾರಿ ಪ್ರಗತಿಯಲ್ಲಿದೆ' ಬೋರ್ಡು. ಮಂತ್ರಿಗಳ ಪ್ರವಾಸ ಪಟ್ಟಿ ಮಾತ್ರ ನೋಡಿಕೊಂಡು ಶೂಟಿಂಗ್ ಇಟ್ಟುಕೊಳ್ಳಿ. ಅವರು ಬರುವ ಹಿಂದಿನ ರಾತ್ರಿ ಡಾಂಬರು ಬೀಳುತ್ತದೆ, ನಿಮ್ಮ ಸೆಟ್ ಹಾಳಾಗುತ್ತದೆ.