ಕೋಡಿ ಎಲ್ಲಿದೆ?

ಹಿಮಾಚಲ ಪ್ರದೇಶದ ಚಂದ್ರತಾಳ ಕೆರೆ ಕಣ್ಣಿಗೆ ಬಿದ್ದ ಕೂಡಲೇ ಸುತ್ತಮುತ್ತ ಇದ್ದವರೆಲ್ಲ ಮೊಬೈಲ್ ತೆಗೆದರು. ನಮ್ಮ ಚಿಕ್ಕಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಕಟ್ಟೆ ಎಲ್ಲೋ?" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳೋಕೆ ಉಸಿರಿರಲಿಲ್ಲ.

ಕೋಲಾರದವರ ಕಷ್ಟ ಇದು. ನಮಗೆ ಕೆರೆ ಅಂದರೆ ಯಾರೋ ಕಟ್ಟಿಸಿದ್ದು. ಪಾಲಾರ್ ನದಿ ನಮ್ಮ ಜಿಲ್ಲೆಯಲ್ಲೇ ಹರಿಯುತ್ತದೆ ಅಂತ ಮೇಷ್ಟ್ರು ನಕ್ಷೆಯಲ್ಲಿ ನೀಲಿ ಗೆರೆ ತೋರಿಸಿದ್ದರು. ಹೋಗಿ ನೋಡಿದರೆ ಮರಳು. ಹಾಗಾಗಿ ನಮ್ಮ ಹಿರಿಯರು ಮಳೆ ನೀರು ಇಳಿದು ಹೋಗುವ ಕಡೆಯಲ್ಲೆಲ್ಲ ಅಡ್ಡ ಮಣ್ಣು ಹಾಕಿದರು. ಒಂದು ಕಟ್ಟೆ, ಒಂದು ತೂಬು, ಒಂದು ಕೋಡಿ. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ಆ ನೀರು ಕೆಳಗಿನ ಕೆರೆಗೆ. ಕಟ್ಟೆ ಇಲ್ಲದೆ ನೀರು ನಿಂತಿದ್ದರೆ ಅದನ್ನು ನಾವು ಕೆರೆ ಅನ್ನುವುದಿಲ್ಲ, ಗುಂಡಿ ಅನ್ನುತ್ತೇವೆ.

ಅದರಲ್ಲೂ ಚಿಕ್ಕಪ್ಪ ನೀರಗಂಟಿ ಮನೆಯವರು. ಅವರ ತಾತ ಸನಿಕೆ ಹೆಗಲ ಮೇಲಿಟ್ಟು ಹೋಗಿ ತೂಬು ಎತ್ತಿದರೇನೇ ಊರ ಗದ್ದೆಗೆ ನೀರು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವರ ಬಾಯಲ್ಲೇ ಇರುತ್ತಿತ್ತು. ಸುಗ್ಗಿಯಲ್ಲಿ ಎಲ್ಲರೂ ಇಷ್ಟಿಷ್ಟು ಅಂತ ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಚಿಕ್ಕಪ್ಪ ದೊಡ್ಡವರಾಗುವ ಹೊತ್ತಿಗೆ ಕೆರೆ ಒಣಗಿತ್ತು, ಬೋರ್‌ವೆಲ್ ಬಂದಿತ್ತು. ಈಗ ನಮ್ಮ ಕಡೆ ನೀರಿನ ಮಾತು ಬಂದರೆ ಸಾವಿರದ ಇನ್ನೂರು ಅಡಿ, ಸಾವಿರದ ಐನೂರು ಅಡಿ ಅಂತ ಕೆಳಗೇ ಹೋಗುತ್ತದೆ. ಅಂಥವರಿಗೆ ಮಗ ಬಂದು, "ಅಪ್ಪಾ, ಹದಿನಾಲ್ಕು ಸಾವಿರ ಅಡಿ ಮೇಲೆ ಒಂದು ಕೆರೆ ಇದೆ, ಬರ್ತೀರಾ?" ಅಂದ.

"ಮೇಲಾ?" ಅಂದರು ಚಿಕ್ಕಪ್ಪ. ಹೊರಟೇ ಬಿಟ್ಟರು.

ತಯಾರಿಗೆ ಅಂತ ಒಂದು ತಿಂಗಳು ಬೆಳಗ್ಗೆ ಅಂತರಗಂಗೆ ಮೆಟ್ಟಿಲು ಹತ್ತಿದೆವು. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಎಲ್ಲಿಂದ ಬರುತ್ತದೆ ಅಂತ ಕೇಳದೆ ಎಲ್ಲರೂ ಬೊಗಸೆ ಒಡ್ಡುತ್ತಾರೆ. ಇಳಿದು ಬಂದು ದಿನಾ ಎರಡು ಪ್ಲೇಟ್ ಇಡ್ಲಿ ಹೊಡೆಯುತ್ತಿದ್ದೆವು. ಲೆಕ್ಕ ಅಲ್ಲಿಗಲ್ಲಿಗೆ.

ಸೆಪ್ಟೆಂಬರ್‌ನಲ್ಲಿ ಮನಾಲಿಗೆ ಹೋಗಿ, ಎತ್ತರಕ್ಕೆ ಮೈ ಒಗ್ಗಲಿ ಅಂತ ದಾರಿಯಲ್ಲಿ ಎರಡು ದಿನ ಸುಮ್ನೆ ಕೂತೆವು. ಅಟಲ್ ಸುರಂಗ ಒಂಬತ್ತು ಕಿಲೋಮೀಟರ್ ಉದ್ದ, 2020ರಲ್ಲಿ ತೆರೆದದ್ದು. ಅಲ್ಲಿವರೆಗೆ ರಸ್ತೆ ಬೆಣ್ಣೆ. ಗ್ರಾಂಫೂ ಬಿಟ್ಟ ಮೇಲೆ ರಸ್ತೆ ಅನ್ನುವುದು ಡ್ರೈವರ್‌ನ ನಂಬಿಕೆ ಮಾತ್ರ. ಬಾತಲ್‌ವರೆಗೆ ಸುಮಾರು 50 ಕಿಲೋಮೀಟರ್, ಕೋಲಾರದಿಂದ ಹೊಸಕೋಟೆಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೆ ಐದು ಗಂಟೆ. ಕಲ್ಲು, ಮತ್ತೆ ಕಲ್ಲು, ಪಕ್ಕದಲ್ಲಿ ಬೂದಿ ಬಣ್ಣದ ಚಂದ್ರಾ ನದಿ.

ಒಂದು ಕಡೆ ಗಾಡಿ ನಿಂತಿತು. ಮೋಡವಿಲ್ಲ, ಮಳೆಯಿಲ್ಲ, ರಸ್ತೆಗೆ ಅಡ್ಡಲಾಗಿ ಮೊಣಕಾಲು ನೀರು ಭೋರೆಂದು ಹೋಗುತ್ತಿದೆ. ಇವಕ್ಕೆ ಅಲ್ಲಿ ನಾಲಾ ಅನ್ನುತ್ತಾರೆ. ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಉಕ್ಕುತ್ತದೆ, ಅದಕ್ಕೇ ಬೆಳಗ್ಗೆ ಬೇಗ ದಾಟಬೇಕು ಅಂತ ಡ್ರೈವರ್ ಹಿಂದಿಯಲ್ಲಿ ಹೇಳಿದ. ನಾನು ಕನ್ನಡ ಮಾಡಿ ಹೇಳಿದೆ. ಚಿಕ್ಕಪ್ಪ ಎರಡು ಸಲ ಕೇಳಿಸಿಕೊಂಡರು.

"ಬಿಸಿಲು ಜಾಸ್ತಿ ಆದಷ್ಟೂ ನೀರು ಜಾಸ್ತಿ ಆಗತ್ತಾ?"

"ಹೂಂ ಚಿಕ್ಕಪ್ಪ."

"ಎಂಥ ಸೀಮೆನಪ್ಪಾ ಇದು!" ಅಂದವರು ಬಾತಲ್ ಬರುವವರೆಗೂ ಮಾತಾಡಲಿಲ್ಲ.

ಕೆರೆ ದಡದಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಕೆಲವು ಕಿಲೋಮೀಟರ್ ಹಿಂದೆಯೇ ಉಳಿಯಬೇಕು. ಆ ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಕುದಿಯುತ್ತಿದ್ದ ಟೀ ಬಾಯಿಗೆ ಸುಡಲಿಲ್ಲ, ಅನ್ನ ಹಲ್ಲಿಗೆ ಸಿಕ್ಕಿತು. ಚಿಕ್ಕಪ್ಪ ಚೀಲದಿಂದ ರಾಗಿ ಹುರಿಹಿಟ್ಟು ತೆಗೆದು ಬೆಲ್ಲ ಕಲಸಿಕೊಂಡು ತಿಂದು ಮಲಗಿದರು. ಅವತ್ತು ರಾತ್ರಿ ನಿದ್ದೆ ಬಂದದ್ದು ಅವರೊಬ್ಬರಿಗೇ.

ಗಾಡಿ ನಿಲ್ಲುವ ಜಾಗದಿಂದ ಕೆರೆಗೆ ನಡಿಗೆ ಏನೂ ದೊಡ್ಡದಲ್ಲ. ನಮ್ಮೂರಿಂದ ಬಸ್‌ಸ್ಟಾಪಿನಷ್ಟು. ಟ್ರೆಕ್ಕಿಂಗ್ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಕ್ಕೆ ನಾಚಿಕೆಯಾಗುವಂತಿತ್ತು, ಮೊದಲ ಐವತ್ತು ಹೆಜ್ಜೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತು ಪಾಲು ಅಷ್ಟೆ. ಹತ್ತು ಹೆಜ್ಜೆ, ಒಂದು ನಿಲ್ಲುವಿಕೆ. ದಿಬ್ಬ ಏರಿದೆವು. ಕೆಳಗೆ ಬಿದಿಗೆ ಚಂದ್ರನ ಹಾಗೆ ಬಾಗಿ ಮಲಗಿದ ನೀರು. ಬಣ್ಣ ಹೇಳುವುದು ಕಷ್ಟ. ನವಿಲಿನ ಕತ್ತನ್ನು ಬಿಸಿಲಲ್ಲಿ ನೋಡಿದ್ದೀರಲ್ವಾ, ಅದರ ಹತ್ತಿರಕ್ಕೆ ಬರಬಹುದು.

ಆಗಲೇ ಆ ಪ್ರಶ್ನೆ ಬಂದದ್ದು. ಕಟ್ಟೆ ಇಲ್ಲ. ತೂಬು ಇಲ್ಲ. ನೀರು ತರುವ ರಾಜಕಾಲುವೆಯೂ ನಾವು ನಿಂತ ಕಡೆಯಿಂದ ಕಾಣಲಿಲ್ಲ. "ಒರತೆ ಇರಬೇಕು," ಅಂತ ಅದನ್ನು ಚಿಕ್ಕಪ್ಪ ಅಷ್ಟಕ್ಕೇ ಬಿಟ್ಟರು. "ಕಟ್ಟೆ ಇಲ್ದೆ ಇರಬಹುದು ಕಣೋ. ಕೋಡಿ ಇಲ್ದೆ ಹೆಂಗಿರತ್ತೆ? ಬಂದ ನೀರು ಹೋಗಬೇಕಲ್ಲ," ಅಂದು ದಡ ಹಿಡಿದು ನಡೆದೇ ಬಿಟ್ಟರು. ನಾನೂ ತಮ್ಮನೂ ಏದುಸಿರು ಬಿಡುತ್ತಾ ಹಿಂದೆ.

ಸಿಕ್ಕಿತು. ಒಂದು ತುದಿಯಲ್ಲಿ, ಕಲ್ಲುಗಳ ಸಂದಿನಲ್ಲಿ, ಸದ್ದಿಲ್ಲದೆ ನೀರು ಹೊರಗೆ ಜಾರುತ್ತಿತ್ತು. ಅಲ್ಲಿಂದ ಇಳಿದು ಚಂದ್ರಾ ನದಿಗೆ, ಮುಂದೆ ತಾಂಡಿಯಲ್ಲಿ ಭಾಗಾ ನದಿ ಜೊತೆ ಸೇರಿ ಚೆನಾಬ್ ಆಗುವ ನೀರು. ಚಿಕ್ಕಪ್ಪನಿಗೆ ಚೆನಾಬ್ ಬೇಕಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಹರಿವಿಗೆ ಅಂಗೈ ಅಡ್ಡ ಹಿಡಿದರು. ಬೆರಳು ಕೆಂಪಾದರೂ ತೆಗೆಯಲಿಲ್ಲ. "ನಾಲ್ಕು ಬೆರಳು ಹೋಗ್ತಾ ಇದೆ," ಅಂದರು. ಅವರ ತಾತನ ಅಳತೆ ಇರಬೇಕು.

ಆಮೇಲೆ ಜೇಬಿನಿಂದ ಚಿಕ್ಕಮ್ಮ ಕಟ್ಟಿಕೊಟ್ಟಿದ್ದ ಪೊಟ್ಟಣ ಹೊರಬಂತು. ಅರಿಶಿನ, ಕುಂಕುಮ, ಒಂದು ರವಿಕೆ ಕಣ, ಹಸಿರು ಬಳೆ. ನಮ್ಮೂರ ಕೆರೆ ಕೋಡಿ ಹೋದದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಎರಡನೆಯದು 2021ರ ನವೆಂಬರ್ ಮಳೆಯಲ್ಲಿ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಬೇರೆ ಕೆರೆಗಳಿಗೂ ಹರಿದಿತ್ತು, ನಿಜ. ಆದರೆ ಮಳೆಗೆ ಕೋಡಿ ಹೋಗುವುದೇ ಬೇರೆ. ತಮಟೆ ಹೊಡೆಸಿ, ಗಂಗಮ್ಮನಿಗೆ ಬಾಗಿನ ಬಿಟ್ಟು, ಅವತ್ತು ಊರಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ.

"ಅಪ್ಪಾ, ಬೇಡ," ಅಂದ ತಮ್ಮ. "2005ರಿಂದ ಇದು ರಾಮ್ಸಾರ್ ಪಟ್ಟಿಯಲ್ಲಿದೆ, ಜಗತ್ತಿನ ಮುಖ್ಯ ಕೆರೆ, ಜೌಗುಗಳ ಪಟ್ಟಿ ಅದು. ಏನೂ ಹಾಕಬಾರದು." ಚಿಕ್ಕಪ್ಪನಿಗೆ ರಾಮ ಅನ್ನುವುದಷ್ಟೇ ಕೇಳಿಸಿತೋ ಏನೋ, ಪೊಟ್ಟಣ ಮತ್ತೆ ಜೇಬಿಗೆ ಹೋಯಿತು. ಕೈ ಮುಗಿದು, ಮೂರು ಹನಿ ತಲೆಗೆ ಚಿಮುಕಿಸಿಕೊಂಡು ಎದ್ದರು.

ಊರಿಗೆ ಬಂದ ಮಾರನೇ ದಿನ ಅರಳಿಕಟ್ಟೆ ಮೇಲೆ ಚಿಕ್ಕಪ್ಪನ ವಾರಗೆಯವರೊಬ್ಬರು ಕೇಳಿದರು. "ಏನಪ್ಪಾ, ಅಷ್ಟು ದೂರ ಹೋಗಿ ಏನ್ ನೋಡ್ಕೊಂಡ್ ಬಂದೆ?"

ನಾನು ಫೋಟೋ ತೋರಿಸಲು ಮೊಬೈಲ್ ತೆಗೆಯುತ್ತಿದ್ದೆ. ಚಿಕ್ಕಪ್ಪ ಅಷ್ಟರಲ್ಲಿ, "ಬೆಟ್ಟದ ಮೇಲೊಂದು ಕೆರೆ. ಕೋಡಿ ಹೋಗ್ತಾ ಇತ್ತು," ಅಂದರು.

ಆತ ಬೀಡಿ ಬಾಯಿಂದ ತೆಗೆದ. "ಹೌದಾ? ಎಷ್ಟು ವರ್ಷಕ್ಕೆ?"

"ಪ್ರತಿ ವರ್ಷ ಹೋಗತ್ತಂತೆ."

ಆತ ಚಿಕ್ಕಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಆರಿದ ಬೀಡಿಗೆ ಮತ್ತೆ ಕಡ್ಡಿ ಗೀರಿದ.