ಗುಪ್ತ ಸಂಘದವರೇ, ಸ್ವಲ್ಪ ಮೆಲ್ಲಗೆ ಮಾತಾಡಿ

ಜಗತ್ತನ್ನು ತೆರೆಮರೆಯಲ್ಲಿ ಆಳುವ ಗುಪ್ತ ಸಂಘ ಸೇರಬೇಕಾದರೆ ಏನೇನು ಅರ್ಹತೆ ಬೇಕೋ, ನನಗೆ ಗೊತ್ತಿಲ್ಲ. ಆದರೆ ವಿಡಿಯೋ ಗೇಮ್‌ಗಳನ್ನು ನೋಡಿದರೆ ಒಂದಂತೂ ಖಾತ್ರಿ. ಬಾಯಲ್ಲಿ ಮಾತು ನಿಲ್ಲಬಾರದು.

2000ದಲ್ಲಿ ಬಂದ ‘ಡ್ಯೂಸ್ ಎಕ್ಸ್’ ಗೇಮನ್ನೇ ತೆಗೆದುಕೊಳ್ಳಿ. ಒಳಸಂಚಿನ ಗೇಮ್ ಅಂದರೆ ಈಗಲೂ ಜನ ಮೊದಲು ಹೇಳುವ ಹೆಸರು ಅದು. ಕಥೆ ನಡೆಯುವುದು 2052ರಲ್ಲಿ. ಗ್ರೇ ಡೆತ್ ಎಂಬ ಮಹಾಮಾರಿ ಹಬ್ಬಿದೆ. ಆಂಬ್ರೋಸಿಯಾ ಎಂಬ ಲಸಿಕೆ ಇದೆ, ಆದರೆ ಕೆಲವರ ಕೈಗೆ ಮಾತ್ರ ಸಿಗುತ್ತದೆ. ಇದರ ಹಿಂದೆ ಯಾರಿದ್ದಾರೆ? ಪತ್ತೆ ಹಚ್ಚುವುದು ನಮ್ಮ ಕೆಲಸ. ಊಟ ನಿದ್ದೆ ಬಿಟ್ಟು ದಿನಗಟ್ಟಲೆ ಮಾಡಬೇಕಾದ ಕೆಲಸ.

ಆದರೆ ನಾವು ಒಂದು ಬಟನ್ ಒತ್ತುವ ಮೊದಲೇ ಏನಾಗುತ್ತದೆ ನೋಡಿ. ಭೂಗೋಳವನ್ನು ಮುಷ್ಟಿಯಲ್ಲಿ ಹಿಡಿದ ದೈತ್ಯ ಕೈಯೊಂದರ ಪ್ರತಿಮೆ ಕಾಣುತ್ತದೆ. ಗುಪ್ತವಾಗಿರಬೇಕಾದವರು ಇಟ್ಟುಕೊಂಡಿರುವ ಬೋರ್ಡು ಅದು! ಅಲ್ಲಿ ಬಾಬ್ ಪೇಜ್, ವಾಲ್ಟನ್ ಸೈಮನ್ಸ್ ಎಂಬ ಇಬ್ಬರು ನಿಂತು ಹರಟುತ್ತಿರುತ್ತಾರೆ. ಸೆನೆಟರ್ ಒಬ್ಬನಿಗೆ ರೋಗ ತಗುಲಿದೆಯಂತೆ. ಲಸಿಕೆಯ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇವೆ ಅಂದದ್ದೇ ತಡ, ದಾರಿಗೆ ಬಂದನಂತೆ. ಸೈಮನ್ಸ್‌ನ ಹೊಸ ಹುದ್ದೆಯೂ ಈ ವಾರ ಪಕ್ಕಾ ಅಂತೆ. ಇಬ್ಬರ ಮುಖಕ್ಕೂ ಬೆಳಕು ಚೆನ್ನಾಗಿ ಬಿದ್ದಿದೆ. ಹೆಸರು, ಯೋಜನೆ, ಲಂಚದ ದರ, ಎಲ್ಲವೂ ನಮ್ಮ ಕಿವಿಗೆ ಬಿತ್ತು. ಇನ್ನು ಉಳಿದದ್ದು ಪೊಲೀಸರಿಗೆ ಫೋನ್ ಮಾಡುವುದು ಮಾತ್ರ.

ಊಹೂಂ, ಈಗ ಗೇಮ್ ಶುರು. ನಾವು ಜೆಸಿ ಡೆಂಟನ್. ಮೈತುಂಬ ನ್ಯಾನೋ ತಂತ್ರಜ್ಞಾನ, ತಲೆಯಲ್ಲಿ ಮಾತ್ರ ಏನೂ ಇಲ್ಲ, ಪಾಪ. ಯುನಾಟ್ಕೋ ಎಂಬ ಸಂಸ್ಥೆಯಲ್ಲಿ ಹೊಸ ಕೆಲಸ. ಎಲ್ಲಕ್ಕೂ ಭಯೋತ್ಪಾದಕರೇ ಕಾರಣ ಅಂತ ಮೇಲಿನವರು ಹೇಳುತ್ತಾರೆ. ಅವನು ನಂಬುತ್ತಾನೆ. ನಾವೂ ನಂಬಿದ ಹಾಗೆ ಮಾಡಬೇಕು. ಮುಂದೆ ಅದೇ ಸೈಮನ್ಸ್ ನಮ್ಮ ಆಫೀಸಿಗೇ ಬಂದು ಓಡಾಡುತ್ತಾನೆ. ನಾನು ಕುರ್ಚಿಯಿಂದ ಎದ್ದು ಕೂಗುವುದೊಂದು ಬಾಕಿ. ನಿನ್ನನ್ನು ಆಗಲೇ ನೋಡಿದ್ದೇನೆ ಮಾರಾಯ ಅನ್ನುವ ಆಯ್ಕೆಯನ್ನು ಮಾತ್ರ ಸಂಭಾಷಣೆಯಲ್ಲಿ ಯಾರೂ ಕೊಟ್ಟಿಲ್ಲ.

ಆಮೇಲೆ ಜೆಸಿ ಸಿಕ್ಕಿಬೀಳುತ್ತಾನೆ, ಸಂಚುಗಾರರ ಸೆರೆಮನೆ ಸೇರುತ್ತಾನೆ. ಅಲ್ಲಿಂದ ಸಾಹಸ ಮಾಡಿ ತಪ್ಪಿಸಿಕೊಂಡು ಬಾಗಿಲು ತೆರೆದು ನೋಡಿದರೆ, ಆ ಸೆರೆಮನೆ ಇದ್ದದ್ದು ಅವನ ಆಫೀಸಿನ ಕೆಳಗೇ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆಯನ್ನು ಯಾರೋ ಕಷ್ಟಪಟ್ಟು ಗೇಮ್ ಮಾಡಿದ್ದಾರೆ. ಜೆಸಿ ಬೆಚ್ಚಿಬೀಳುತ್ತಾನೆ. ನಾನು ಆಕಳಿಸುತ್ತೇನೆ.

ಇದಕ್ಕೊಂದು ಸಮರ್ಥನೆಯೂ ಇದೆ. ಮಂಚದ ಕೆಳಗೆ ಹಾವಿದೆ ಅಂತ ನೋಡುವವನಿಗೆ ಗೊತ್ತಿದ್ದರೆ, ಮಲಗಲು ಹೊರಟವನನ್ನು ಕಂಡು ಎದೆ ಹೊಡೆದುಕೊಳ್ಳುತ್ತದೆ, ಅದೂ ಒಂದು ಮಜಾ ಅಂತ. ಸರಿ, ಒಪ್ಪಿದೆ. ಹಾಗಾದರೆ ಹದಿನೈದು ಗಂಟೆ ಆದ ಮೇಲೆ ಢಣ್ ಅಂತ ಸಂಗೀತ ಹಾಕಿ ‘ಅಯ್ಯೋ, ಹಾವು!’ ಅಂತ ನಮ್ಮನ್ನೇ ಯಾಕೆ ಹೆದರಿಸುತ್ತೀರಿ?

ಸಂಚುಗಾರರ ಬೀಗಗಳ ವಿಷಯ ಹೇಳದೇ ಇರಲಾರೆ. ಈ ಗೇಮಿನಲ್ಲಿ ದಂಗೆಕೋರರ ಕಂಪ್ಯೂಟರಿಗೆ ಪಾಸ್‌ವರ್ಡ್ ‘ಸ್ಮ್ಯಾಶ್ ದ ಸ್ಟೇಟ್’. ಸರ್ಕಾರ ಉರುಳಿಸುವವರಿಗೆ ಇದಕ್ಕಿಂತ ಅನುಮಾನ ಬಾರದ ಪಾಸ್‌ವರ್ಡ್ ಹೊಳೆಯಲೇ ಇಲ್ಲವಂತೆ. ಇನ್ನು ಬಾಗಿಲುಗಳಿಗೆ 0451. 1994ರ ‘ಸಿಸ್ಟಮ್ ಶಾಕ್’ನಲ್ಲಿ 451 ಅಂತ ಶುರುವಾದದ್ದು, ಹಿರಿಯರಿಗೆ ಗೌರವ ಅಂತ ಒಂದರ ಹಿಂದೆ ಒಂದು ಗೇಮ್ ಅದನ್ನೇ ಇಟ್ಟುಕೊಂಡು ಬಂತು. ಗೌರವ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕಾಲು ಶತಮಾನದಿಂದ ಬೀಗ ಬದಲಿಸದವರು ಜಗತ್ತು ಆಳುತ್ತಾರಂತೆ.

2011ರಲ್ಲಿ ‘ಡ್ಯೂಸ್ ಎಕ್ಸ್: ಹ್ಯೂಮನ್ ರೆವೊಲ್ಯೂಷನ್’ ಬಂತು. ಕಾಲ 2027, ಅಂದರೆ ಮೊದಲ ಕಥೆಗಿಂತ 25 ವರ್ಷ ಹಿಂದೆ. ಅದೂ ಶುರುವಾಗುವುದು ಸಂಚುಗಾರರ ಮೀಟಿಂಗಿನಿಂದಲೇ. ಈ ಸಲ ಮುಖ ಮರೆಸಿಕೊಂಡಿದ್ದಾರೆ. ಅಷ್ಟಾದರೂ ಕಲಿತರಲ್ಲ.

2007ರ ‘ಅಸಾಸಿನ್ಸ್ ಕ್ರೀಡ್’ನಲ್ಲಿ ರೋಗ ಬೇರೆ, ಲಕ್ಷಣ ಅದೇ. ಗುರು ಅಲ್ ಮುಆಲಿಮ್ ಒಂಬತ್ತು ಜನರ ಪಟ್ಟಿ ಕೊಡುತ್ತಾನೆ, ಶಿಷ್ಯ ಆಲ್ತಾಯಿರ್ ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಸಾಯುವವರು ಸುಮ್ನೆ ಸಾಯುವುದಿಲ್ಲ. ಸುತ್ತಲಿನ ಜಗತ್ತೇ ನಿಂತುಹೋಗುತ್ತದೆ, ಅವರು ನಿಧಾನವಾಗಿ ಭಾಷಣ ಮಾಡುತ್ತಾರೆ. ನಿನ್ನ ಗುರು ನಿನಗೆ ಎಲ್ಲವನ್ನೂ ಹೇಳಿಲ್ಲ ಅನ್ನುವ ಸುಳಿವು ಮತ್ತೆ ಮತ್ತೆ ಬರುತ್ತದೆ. ಒಬ್ಬ ಹೇಳಿದರೆ ಅನುಮಾನ, ಇಬ್ಬರು ಹೇಳಿದರೆ ಸಾಕ್ಷಿ. ನಮ್ಮ ಆಲ್ತಾಯಿರ್ ಮಾತ್ರ ಪಟ್ಟಿ ಪೂರ್ತಿ ಆಗಲಿ ಅಂತ ಕಾಯುತ್ತಾನೆ. ಹತ್ತನೆಯವನು ಯಾರು ಅಂತ ನಾನು ಹೇಳಬೇಕಾ?

1996ರ ‘ರೆಸಿಡೆಂಟ್ ಈವಿಲ್’ನ ವೆಸ್ಕರ್ ಬಗ್ಗೆ ಒಂದೇ ಮಾತು. ನಡುರಾತ್ರಿ, ದೆವ್ವದಂಥ ಬಂಗಲೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುವವನನ್ನು ತಂಡದ ನಾಯಕ ಅಂತ ನಂಬಿ ಮೋಸಹೋದವರಿಗೆ ನನ್ನ ಸಾಂತ್ವನ.

ಕಥೆ ಬಾಯಿ ಬಿಡದಿದ್ದರೂ ಗೇಮಿನ ಕೈಕಾಲು ಬಿಡುತ್ತವೆ. ಗೆಳೆಯನನ್ನು ನೋಡಲು ಹೋಗುವ ಹಾದಿಯಲ್ಲಿ ಗುಂಡು, ಔಷಧಿ ರಾಶಿ ರಾಶಿ ಸಿಕ್ಕರೆ ಅವನು ಗೆಳೆಯ ಅಲ್ಲ ಅಂತಲೇ ಲೆಕ್ಕ. ಬಾಗಿಲ ಮುಂದೆ ‘ಸೇವ್ ಮಾಡಿಕೊಳ್ಳಿ’ ಅಂತಲೂ ಬಂದರೆ ಮುಗಿದೇ ಹೋಯಿತು.

ಹೋದ ತಿಂಗಳು ನಾನೂ ಒಂದು ಗೇಮ್ ಶುರು ಮಾಡಿದೆ. ಹೆಸರು ಬೇಡ. ಎರಡನೇ ಗಂಟೆಯಲ್ಲೇ ಒಂದು ಕತ್ತಲೆ ಕೋಣೆ. ಮುಸುಕು ಹಾಕಿದ ಸಂಚುಗಾರರ ನಾಯಕ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಧ್ವನಿಯನ್ನೂ ಯಂತ್ರದಲ್ಲಿ ಗೊಗ್ಗರು ಮಾಡಿದ್ದಾರೆ. ಯಾರಿರಬಹುದು ಅಂತ ನಾನು ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದೇನೆ. ಅವನು ಬಾಯಿ ತೆರೆದ. ಕೆಳಗೆ ಸಬ್‌ಟೈಟಲ್ ಮೂಡಿತು. ಅವನ ಮಾತಿನ ಹಿಂದೆ, ಹಳದಿ ಬಣ್ಣದಲ್ಲಿ, ಅಕ್ಷರ ತಪ್ಪಿಲ್ಲದೆ, ನಮ್ಮ ಕ್ಯಾಪ್ಟನ್ ಹೆಸರು! ಐದು ನಿಮಿಷದ ಹಿಂದಷ್ಟೇ ನನ್ನ ಬೆನ್ನು ತಟ್ಟಿ ‘ಹುಷಾರಾಗಿ ಹೋಗು’ ಅಂದಿದ್ದ ಕ್ಯಾಪ್ಟನ್. ಮುಸುಕು, ಕತ್ತಲೆ, ಯಂತ್ರದ ಧ್ವನಿ, ಎಲ್ಲ ಖರ್ಚೂ ದಂಡ.

ಹಾಗಂತ ಗುಟ್ಟು ಕಾಪಾಡಿದವರೇ ಇಲ್ಲ ಅಂತಲ್ಲ. 2001ರ ‘ಮೆಟಲ್ ಗೇರ್ ಸಾಲಿಡ್ 2’ರ ಟ್ರೇಲರ್‌ಗಳ ತುಂಬ ಹಳೆಯ ನಾಯಕ ಸ್ನೇಕ್. ಜನ ದುಡ್ಡು ಕೊಟ್ಟು ತಂದು ಆಡಿದರೆ, ಮೊದಲ ಭಾಗ ಮುಗಿಯುತ್ತಿದ್ದಂತೆ ಸ್ನೇಕ್ ಪಕ್ಕಕ್ಕೆ ಸರಿದು ರೈಡನ್ ಎಂಬ ಹೊಸಬ ಬಂದ. ಗೇಮ್ ಮಾಡಿದ ಹಿಡಿಯೋ ಕೊಜಿಮಾ ಪೂರ್ತಿ ಜಗತ್ತಿಗೇ ಟೋಪಿ ಹಾಕಿದ್ದರು. ಟ್ವಿಸ್ಟ್ ಅಂದರೆ ಅದು. ಜನ ಏನು ಮಾಡಿದರು? ಹೇಳಲೇ ಇಲ್ಲವಲ್ಲ ಅಂತ ಬೈದರು.

ನನ್ನ ಕ್ಯಾಪ್ಟನ್ ಜೊತೆ ಈಗ ಹನ್ನೆರಡು ಗಂಟೆ ಕಳೆದಿದ್ದೇನೆ. ಅವನಿಗೆ ಗುಂಡು ತಾಗದ ಹಾಗೆ ಕಾಪಾಡಿದ್ದೇನೆ, ಬೇರೆ ದಾರಿ ಇರಲಿಲ್ಲ, ಅವನು ಸತ್ತರೆ ಗೇಮ್ ಓವರ್. ನಿನ್ನೆ ರಾತ್ರಿ ಹೆಗಲ ಮೇಲೆ ಕೈಯಿಟ್ಟು, ನನ್ನ ಮೇಲೆ ನಂಬಿಕೆ ಇದೆಯಾ ಅಂತ ಕೇಳಿದ. ಪರದೆಯ ಮೇಲೆ ಎರಡು ಉತ್ತರ ಬಂದವು. ‘ಹೌದು, ಕ್ಯಾಪ್ಟನ್’ ಮತ್ತು ‘ಖಂಡಿತ, ಕ್ಯಾಪ್ಟನ್’. ಯೋಚನೆ ಮಾಡಿ ಉತ್ತರಿಸಲು ಹತ್ತು ಸೆಕೆಂಡ್ ಟೈಮ್ ಬೇರೆ ಕೊಟ್ಟಿದ್ದರು.